ಆಷಾಢ ಬಂದರೆ ಸಾಕು

ತ್ಯಾಗರಾಜನಗರದ ನಮ್ಮ ಮನೆಗೂ ಪಕ್ಕದ ಕಲ್ಯಾಣಮಂಟಪಕ್ಕೂ ನಡುವೆ ಇದ್ದದ್ದು ಒಂದು ಕಾಂಪೌಂಡ್ ಗೋಡೆ, ಅಷ್ಟೇ. ಮೊದಲು ಅಲ್ಲೊಂದು ಹಳೇ ಮನೆಯಿತ್ತು. ಅದನ್ನು ಕೆಡವಿ ಮಂಟಪ ಕಟ್ಟಿ, ಶುರುವಾದ ದಿನ ನಮ್ಮನ್ನೂ ಊಟಕ್ಕೆ ಕರೆದಿದ್ದರು. ನಾನೂ ಅಮ್ಮನೂ ಹೋಗಿ ಹೋಳಿಗೆ ತಿಂದು ಬಂದೆವು. ಆ ಹೋಳಿಗೆಯ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಅಮ್ಮನಿಗೆ ಕ್ಯಾನ್ಸರ್ ಅಂತ ಗೊತ್ತಾದದ್ದು ಕೆಲವು ವರ್ಷಗಳ ಮೇಲೆ. ರಾತ್ರಿಯೆಲ್ಲ ನೋವು. ಬೆಳಗಾಗುವ ಹೊತ್ತಿಗೆ ಹೇಗೋ ಕಣ್ಣು ಹತ್ತುತ್ತಿತ್ತು. ಸರಿಯಾಗಿ ಆಗಲೇ ಪಕ್ಕದಲ್ಲಿ ವಾಲಗ ಶುರು. ಡೋಲಿನ ಮೊದಲ ಪೆಟ್ಟಿಗೇ ಅವಳ ಹುಬ್ಬು ಗಂಟಿಕ್ಕಿಕೊಳ್ಳುತ್ತಿತ್ತು. ಆಮೇಲೆ ನಿದ್ದೆಯ ಮಾತೇ ಇಲ್ಲ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಕಿಟಕಿಗೆ ಹಳೇ ಹಾಸಿಗೆ ಒಡ್ಡಿದೆ, ಮಂಚವನ್ನು ಅಡುಗೆಮನೆಗೂ ಎಳೆದೆ. ಪ್ರಯೋಜನವಾಗಲಿಲ್ಲ.

ಪೊಲೀಸ್ ಸ್ಟೇಷನ್ನಿಗೆ ಹೋದೆ. ಕೂರಿಸಿ ಮರ್ಯಾದೆಯಿಂದಲೇ ಮಾತಾಡಿಸಿದರು.

"ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೂ ಮೈಕ್ ಹಾಕೋ ಹಾಗಿಲ್ಲ ಮೇಡಂ. ಹಾಕಿದ್ರೆ ಹೇಳಿ, ಬಂದು ನಿಲ್ಲಿಸ್ತೀವಿ."

"ಆರರ ಮೇಲೆ?"

"ಮುಹೂರ್ತಕ್ಕೆ ವಾಲಗ ಊದಬೇಡಿ ಅಂತ ಯಾವ ಬಾಯಲ್ಲಿ ಹೇಳೋದು, ನೀವೇ ಹೇಳಿ."

ಮಂಟಪದ ಮ್ಯಾನೇಜರ್ ಅಂತೂ ಆ ರೂಲ್ಸನ್ನು ಬಾಯಿಪಾಠ ಮಾಡಿಕೊಂಡಿದ್ದ. ರಾತ್ರಿಯ ಆರ್ಕೆಸ್ಟ್ರಾವನ್ನು ಹತ್ತಕ್ಕೆ ಸರಿಯಾಗಿ ನಿಲ್ಲಿಸಿಬಿಡುತ್ತಿದ್ದ. ನಾನು ಹೋಗಿ ಬೇಡಿಕೊಂಡಾಗಲೆಲ್ಲ ಒಂದೇ ಉತ್ತರ: "ಆರರ ಮೇಲೆ ಸದ್ದು ಮಾಡಬಾರ್ದು ಅಂತ ಎಲ್ಲೂ ಇಲ್ಲ ಮೇಡಂ."

ಕಾನೂನಿನಲ್ಲಿ ಇಲ್ಲದ ದಯೆ ಪಂಚಾಂಗದಲ್ಲಿತ್ತು. ಹೊಸದಾಗಿ ಮದುವೆಯಾದವರು ಶಪಿಸುವ ಆಷಾಢಕ್ಕೆ ನಾನು ಹರಕೆ ಹೊತ್ತು ಕಾದೆ. "ಇನ್ನು ಸ್ವಲ್ಪ ದಿನ ಅಮ್ಮ. ಆಷಾಢ ಬಂದ್ರೆ ಒಂದು ತಿಂಗಳು ಮದುವೆ ಇರಲ್ಲ. ಹಾಯಾಗಿ ಮಲಗಿಬಿಡು," ಅನ್ನುತ್ತಿದ್ದೆ.

"ಅಲ್ಲೀವರೆಗೂ ನಾನಿರಬೇಕಲ್ಲೇ," ಅನ್ನುತ್ತಿದ್ದಳು.

ಇರಲಿಲ್ಲ. ಜ್ಯೇಷ್ಠ ಇನ್ನೇನು ಮುಗಿಯಬೇಕು, ಪಕ್ಕದಲ್ಲಿ ಒಂದು ಮದುವೆ ನಡೆಯುತ್ತಿದ್ದ ಬೆಳಿಗ್ಗೆ ಹೋದಳು. ನಾನು ಕಿರುಚಿದೆ. ನನಗೇ ಗೊತ್ತಿಲ್ಲದ ದನಿ ಅದು. ಸ್ವಲ್ಪ ಹೊತ್ತಿಗೆಲ್ಲ ಮ್ಯಾನೇಜರ್ ಬಾಗಿಲಲ್ಲಿದ್ದ. ಮಂಚದ ಕಡೆ ನೋಡಿದ, ಅರ್ಥವಾಯಿತು. ಚಪ್ಪಲಿ ಬಿಟ್ಟು ಒಳಗೆ ಬಂದು ಕೈ ಮುಗಿದ.

"ಮೇಡಂ, ತಪ್ಪು ತಿಳ್ಕೋಬೇಡಿ. ತಾಳಿ ಕಟ್ಟೋವರೆಗೂ ಸ್ವಲ್ಪ... ಅಳು ಕೇಳಿಸಬಾರ್ದು."

ಮೈಯೆಲ್ಲ ಉರಿದುಹೋಯಿತು. "ಆರರ ಮೇಲೆ ಸದ್ದು ಮಾಡಬಾರ್ದು ಅಂತ ಎಲ್ಲಿದೆ?" ಅಂದೆ.

ಅವನು ತಲೆ ತಗ್ಗಿಸಿದ. "ಎಲ್ಲೂ ಇಲ್ಲ ಮೇಡಂ. ಆ ಹುಡುಗಿ ಮುಖ ನೋಡಿ."

ಆ ಹುಡುಗಿ ಯಾರೋ ನನಗೆ ಗೊತ್ತಿರಲಿಲ್ಲ. ಅವಳು ನನಗೇನೂ ಮಾಡಿರಲಿಲ್ಲ. ಸೆರಗನ್ನು ಬಾಯಿಗೆ ತುರುಕಿಕೊಂಡು ಅಮ್ಮನ ಕಾಲ ಬಳಿ ಕೂತೆ. ಇಷ್ಟು ದಿನ ನಾನು ಭಿಕ್ಷೆ ಬೇಡಿದ ಮೌನವನ್ನು ಅವತ್ತು ನಾನೇ ಕೊಟ್ಟೆ.

ಆಮೇಲೆ ಗಟ್ಟಿಮೇಳ ಬಂತು. ತಾಳಿ ಕಟ್ಟುವ ಹೊತ್ತಿಗೆ ಸೀನು, ಅಳು ಯಾವ ಅಪಶಕುನವೂ ಕಿವಿಗೆ ಬೀಳದಿರಲಿ ಅಂತಲೇ ಬಾರಿಸುವ ವಾದ್ಯ ಅದು. ನಾನು ಸೆರಗು ತೆಗೆದು ಬಾಯಿಬಿಟ್ಟು ಅತ್ತುಬಿಟ್ಟೆ. ಯಾರಿಗೂ ಕೇಳಿಸಲಿಲ್ಲ. ಡೋಲು ಕಿಟಕಿ ಅದುರುವಂತೆ ಬಡಿಯುತ್ತಿತ್ತು, ಅಮ್ಮನ ಹುಬ್ಬು ಗಂಟಿಕ್ಕಲಿಲ್ಲ.