ಫ್ಯೂಸಿನ ಪಕ್ಕದ ನಾರಿನ ಗಂಟು

ಕಳೆದ ಜುಲೈ ತಿಂಗಳ ಒಂದು ಬೆಳಿಗ್ಗೆ ಲಂಬಾಸಾ ಎಂಬ ದ್ವೀಪದೂರಿನ ಪೇಟೆಗೆ ಬರುತ್ತಿದ್ದ ಮಿನಿಬಸ್ಸೊಂದು ದಾರಿಯಲ್ಲಿ ಹತ್ತಿ ಉರಿಯಿತು. ಬಾಗಿಲ ಪಕ್ಕ ಕೂತಿದ್ದ ಲವೇನಿಯ ಎಂಬ ಅಜ್ಜಿ, ಕೆಸುವಿನ ಸೊಪ್ಪು ಮಾರುವವಳು, ಸಿಕ್ಕಿಕೊಂಡಿದ್ದ ಬಾಗಿಲನ್ನು ಎರಡೂ ಕೈಯಿಂದ ತಳ್ಳಿ ತೆರೆದಳು. ಹದಿಮೂರು ಜನ ಇಳಿದು ಓಡಿದರು. ಅಜ್ಜಿಯ ಅಂಗೈಗಳು ಸುಟ್ಟುಹೋದವು. ಬಸ್ಸಿನಲ್ಲಿ ಹಾಡು ಜೋರು ಮಾಡುವ ಆಂಪ್ಲಿಫೈಯರ್ ಪೆಟ್ಟಿಗೆಗೆ ಹೋಗುವ ತಂತಿಯಲ್ಲಿ ಫ್ಯೂಸ್ ಇರಬೇಕಾದ ಜಾಗದಲ್ಲಿ ಕಬ್ಬಿಣದ ಮೊಳೆ ಇತ್ತು. ಮೊಳೆ ಹಾಕಿಸಿದವನು ಬಸ್ಸಿನ ಒಡೆಯ. ತನಿಖೆಯ ವರದಿಯಲ್ಲಿ ಬರೆದದ್ದು ವೈರಿಂಗ್ ಮಾಡಿದ ಕಿತಿಯೋನೆಯ ಹೆಸರು.

ಈಗ ಬೆಳಗಿನ ಐದು ಗಂಟೆ. ಕಬ್ಬು ಅರೆಯುವ ಕಾಲ ಶುರುವಾಗಿದೆ; ಸಕ್ಕರೆ ಗಿರಣಿಯ ಸಿಹಿ ಹೊಗೆ ಹೊಳೆಯ ಮೇಲೆ ಮಲಗಿದೆ. ಮಾರುಕಟ್ಟೆಯ ಹಿಂದೆ, ಹೊಳೆದಂಡೆಯ ತಗಡಿನ ಶೆಡ್ಡಿನಲ್ಲಿ ಐವತ್ತೆಂಟರ ಕಿತಿಯೋನೆ ತನ್ನ ಮದುವೆಯ ಉಂಗುರವನ್ನು ಬೆರಳಿನಿಂದ ತಿರುಗಿಸಿ ತಿರುಗಿಸಿ ತೆಗೆಯುತ್ತಾನೆ. ಅದನ್ನು ಗೋಡೆಯ ಕೊಕ್ಕೆಗೆ ನೇತುಹಾಕುತ್ತಾನೆ. ಉಂಗುರ ಇದ್ದ ಜಾಗದಲ್ಲಿ ಬೆರಳ ಸುತ್ತ ಬಿಳಿಯ ಕಲೆಯೊಂದಿದೆ, ಇನ್ನೊಂದು ಉಂಗುರದ ಹಾಗೆ. ಲೆಬನಾನಿನಲ್ಲಿ ಶಾಂತಿಪಡೆಯ ಸಿಗ್ನಲ್ ಕೆಲಸದಲ್ಲಿದ್ದಾಗ ಬ್ಯಾಟರಿಯ ತುದಿಗೂ ಸ್ಪ್ಯಾನರಿಗೂ ನಡುವೆ ಉಂಗುರ ಸಿಕ್ಕಿ ಕೆಂಪಗೆ ಕಾದಿತ್ತಂತೆ.

"ಹನ್ನೆರಡು ವೋಲ್ಟು ಏನ್ ಮಾಡುತ್ತೆ ಅಂತಾರೆ. ಹೌದು, ಮುಟ್ಟಿದ್ರೆ ಹೊಡೆಯಲ್ಲ. ಆದ್ರೆ ಸುಡುತ್ತೆ," ಎನ್ನುತ್ತಾನೆ.

ಉಂಗುರ ತೊಡಿಸಿದ ಮಿಲಿಯಾಕೆರೆ ತೀರಿಕೊಂಡು ಆರು ವರ್ಷವಾಯಿತು. ಕೆಲಸ ಮುಗಿದ ಮೇಲೆ ಅವನು ಮರೆಯದೆ ಮತ್ತೆ ಉಂಗುರ ತೊಡುತ್ತಾನೆ. ದಿನದಲ್ಲಿ ಅವನು ಯಾರ ಜೊತೆಗಾದರೂ ಆಡುವ ಮಾತೆಂದರೆ ಆ ಉಂಗುರ ತೊಡುವುದಷ್ಟೇ ಎಂದು ಒಮ್ಮೊಮ್ಮೆ ಅನಿಸುತ್ತದೆ.

ದೀಪ ಹಚ್ಚದೆ ಒಂದು ಟ್ಯಾಕ್ಸಿ ಬಂದು ಶೆಡ್ಡಿನ ಹಿಂದೆ ನಿಲ್ಲುತ್ತದೆ. ರಸ್ತೆಗೆ ಕಾಣದ ಕಡೆ. ಹನ್ನೊಂದು ತಿಂಗಳಿಂದ ಕಿತಿಯೋನೆಯ ಗಿರಾಕಿಗಳೆಲ್ಲ ಹೀಗೇ ಬರುತ್ತಾರೆ, ಬೆಳಕಾಗುವ ಮೊದಲೇ ಹೊರಟುಹೋಗುತ್ತಾರೆ. ಮೊದಲು ವಾರಕ್ಕೆ ಹತ್ತು ಗಾಡಿ ಬರುತ್ತಿದ್ದವು. ಈಗ ಎರಡೋ ಮೂರೋ. ಇಳಿದವನು ಅಶ್ನೀಲ್. ಸುಟ್ಟುಹೋದ ಬಸ್ಸನ್ನು ಅವತ್ತು ಓಡಿಸುತ್ತಿದ್ದವನು ಇವನೇ.

"ಮಾವ, ಆಂಪ್ಲಿಫೈಯರಲ್ಲಿ ಕೆಂಪು ದೀಪ ಬರ್ತಾ ಇದೆ. ಹಾಡೇ ಇಲ್ಲ."

"ಕೆಂಪು ದೀಪಾನ ಬೈಬೇಡ. ನಿನಗಿಂತ ಬುದ್ಧಿ ಇದೆ ಅದಕ್ಕೆ. ಏನೋ ತಪ್ಪಾಗಿದೆ ಅಂತ ತಾನೇ ನಿಂತ್ಕೊಂಡಿದೆ."

ಕಿತಿಯೋನೆ ಸ್ಪೀಕರಿಗೆ ಹೋಗುವ ತಂತಿಗಳನ್ನೆಲ್ಲ ಆಂಪ್ಲಿಫೈಯರಿನಿಂದ ಬಿಡಿಸಿ, ಮತ್ತೆ ಚಾಲೂ ಮಾಡುತ್ತಾನೆ. ದೀಪ ಹಸಿರಾಗುತ್ತದೆ. ಅಂದರೆ ಪೆಟ್ಟಿಗೆ ಸರಿಯಿದೆ, ತಪ್ಪು ತಂತಿಯಲ್ಲಿದೆ. ಒಂದೊಂದೇ ತಂತಿಗೆ ಮೀಟರ್ ಹಿಡಿಯುತ್ತಾ ಹೋಗುತ್ತಾನೆ. ಮೂರನೆಯದರಲ್ಲಿ ಮುಳ್ಳು ಓಡುತ್ತದೆ. ಆ ತಂತಿಯನ್ನೇ ಬೆರಳಲ್ಲಿ ಹಿಡಿದು ಹಿಂದಿನ ಸೀಟಿನವರೆಗೆ ತಡವುತ್ತಾನೆ. ಸೀಟು ಮಡಚುವ ಕೀಲಿನಡಿ ತಂತಿ ಜಜ್ಜಿ, ಒಳಗಿನ ತಾಮ್ರ ಗಾಡಿಯ ಕಬ್ಬಿಣಕ್ಕೆ ತಾಗಿದೆ.

"ಸೀಟು ಎತ್ತಿ ಏನ್ ಹಾಕಿದ್ದೆ?"

"ಹಂದಿ ಮಾವ. ಮದುವೆ ಮನೇದು."

"ಸತ್ತಿತ್ತಾ?"

"ಅರ್ಧ."

ಕಿತಿಯೋನೆ ನಗುತ್ತಾನೆ. ತುಂಬ ದಿನ ಬಳಸದ ಸಾಮಾನನ್ನು ಹೊರಗೆ ತೆಗೆದ ಹಾಗಿದೆ ಆ ನಗು. ಬ್ಯಾಟರಿಯ ಕಪ್ಪು ತಂತಿಯನ್ನು ಮೊದಲು ಬಿಚ್ಚಿ ಪಕ್ಕಕ್ಕೆ ಸರಿಸಿ, ಆಮೇಲೆ ಬೇರೆ ತಂತಿ ಎಳೆಯುತ್ತಾನೆ. ಕಪ್ಪು ಮೊದಲು ಬಿಚ್ಚಬೇಕು, ಕೊನೆಗೆ ಹಾಕಬೇಕು. ಮುಖ್ಯ ತಂತಿಯ ಫ್ಯೂಸ್ ಬ್ಯಾಟರಿಯಿಂದ ಒಂದು ಗೇಣಿನೊಳಗೇ ಇರಬೇಕು. ಕಬ್ಬಿಣದ ತೂತಿನಲ್ಲಿ ತಂತಿ ಹಾದರೆ ರಬ್ಬರಿನ ಬಳೆ ತೊಡಿಸಬೇಕು. ಗಾಡಿಯ ಮೈಗೆ ಬಿಗಿಯುವ ನೆಲದ ತಂತಿ ಮೊಳಕ್ಕಿಂತ ಉದ್ದ ಆಗಬಾರದು. ಅದು ಕೂರುವ ಜಾಗದಲ್ಲಿ ಬಣ್ಣ ಕೆರೆದು ಕಬ್ಬಿಣ ಹೊಳೆಯುವಂತೆ ಮಾಡಿ, ಬಿಗಿದ ಮೇಲೆ ಗ್ರೀಸ್ ಬಳಿಯಬೇಕು. ಈ ಊರಿನ ಗಾಳಿಯಲ್ಲಿ ಸಮುದ್ರದ ಉಪ್ಪಿದೆ. ಇಪ್ಪತ್ತೆರಡು ವರ್ಷದಲ್ಲಿ ಆರುನೂರಕ್ಕೂ ಹೆಚ್ಚು ಗಾಡಿಗಳಿಗೆ ಅವನು ಇದನ್ನು ಹೀಗೇ ಮಾಡಿದ್ದಾನೆ. ಅವಸರದಲ್ಲಿದ್ದೇನೆ ಎಂದವರಿಗೆ ನಾಳೆ ಬಾ ಎಂದಿದ್ದಾನೆ.

"ಫ್ಯೂಸ್ ಇರೋದು ಆಂಪ್ಲಿಫೈಯರ್ ಕಾಯೋಕೆ ಅಂದ್ಕೊಂಡಿದಾರೆ ಎಲ್ಲ. ಅಲ್ಲ. ತಂತಿ ಕಾಯೋಕೆ. ತಂತಿ ಎಷ್ಟು ದಪ್ಪ ಇದೆಯೋ ಅಷ್ಟೇ ಫ್ಯೂಸು. ನಿಮಗೆ ಎಷ್ಟು ಜೋರು ಬೇಕು ಅನ್ನೋದನ್ನ ಅದು ಕೇಳಲ್ಲ."

ಎಲ್ಲ ಮುಗಿದ ಮೇಲೆ ಅವನು ಜೇಬಿನಿಂದ ತೆಂಗಿನ ನಾರಿನ ಹುರಿ ತೆಗೆಯುತ್ತಾನೆ. ಪ್ಲಾಸ್ಟಿಕ್ ಪಟ್ಟಿ ಹಾಕುವ ಕಡೆಗಳಲ್ಲೆಲ್ಲ ಕಿತಿಯೋನೆ ಈ ಹುರಿಯನ್ನೇ ಸುತ್ತುತ್ತಾನೆ. ಅವನು ಹುಟ್ಟಿದ್ದು ಲಾವ್ ದ್ವೀಪಗಳಲ್ಲಿ. ಅಲ್ಲಿ ಮನೆಯ ತೊಲೆಗೂ ದೋಣಿಯ ಹಲಗೆಗೂ ಮೊಳೆ ಬಡಿಯುತ್ತಿರಲಿಲ್ಲ. ಅವನ ಅಜ್ಜ ನಾರು ಹೊಸೆದು ಕಟ್ಟುತ್ತಿದ್ದ. ಒಂದರ ಮೇಲೊಂದು ಓರೆಯಾಗಿ ಹಾಯುವ ಆ ಗಂಟು ಈ ಊರಿನಲ್ಲಿ ಬೇರೆ ಯಾರಿಗೂ ಬರುವುದಿಲ್ಲ. ಅದು ಅವನ ಸಹಿ.

ಆ ಗಂಟಿನಿಂದಲೇ ಅವನು ಸಿಕ್ಕಿಬಿದ್ದ. ಸುಟ್ಟ ಬಸ್ಸಿನ ಬ್ಯಾಟರಿಯ ಬಳಿ ನಾರಿನ ಗಂಟೊಂದು ಅರ್ಧ ಉಳಿದಿತ್ತು. ತನಿಖೆಗೆ ಬಂದವರು ಕೇಳಿದರು, ಇದು ಯಾರದ್ದು? ಎಲ್ಲರಿಗೂ ಗೊತ್ತಿತ್ತು. ಗಂಟಿನ ಪಕ್ಕದಲ್ಲೇ ಕಪ್ಪಾಗಿ ಕೂತಿದ್ದ ಮೊಳೆಯನ್ನು ಕಿತಿಯೋನೆ ಕಣ್ಣಾರೆ ಕಂಡ, ಬೆರಳಿಟ್ಟು ತೋರಿಸಿದ. ಮರುದಿನ ಆ ತುಂಡು ಅಲ್ಲಿರಲಿಲ್ಲ. ಒಡೆಯನಿಗೆ ಕಚೇರಿಯಿದೆ, ಹನ್ನೊಂದು ಬಸ್ಸುಗಳಿವೆ, ಪರವಾಗಿ ಮಾತಾಡಲು ವಕೀಲನಿದ್ದಾನೆ. ತಗಡಿನ ಶೆಡ್ಡಿನವನಿಗೆ ಏನಿದೆ? ವರದಿ ಬರೆಯುವವರ ಪೆನ್ನು ಯಾವ ಕಡೆ ಇಳಿಜಾರಿದೆಯೋ ಆ ಕಡೆಗೇ ಹರಿಯಿತು. ಫ್ಯೂಸ್ ಹಾಕದೆ ಬಿಟ್ಟಿದ್ದಾನೆ ಎಂದು ಬರೆದರು.

ನಡೆದದ್ದು ಏನೆಂದು ಬಸ್ ನಿಲ್ದಾಣದಲ್ಲಿ ರೊಟ್ಟಿ ಮಾರುವವರಿಗೂ ಗೊತ್ತು. ಹಾಡಿಲ್ಲದ ಬಸ್ಸನ್ನು ಇಲ್ಲಿ ಶಾಲೆಯ ಮಕ್ಕಳು ಹತ್ತುವುದಿಲ್ಲ; ಸದ್ದು ಜೋರಿರುವ ಬಸ್ಸು ಬರಲಿ ಎಂದು ಕಾಯುತ್ತಾರೆ. ಬಸ್ಸಿನ ಒಡೆಯ, ಮಿಲಿಯಾಕೆರೆಯ ಕಡೆಯವನೇ ಆದ ಜಾಲೆ, ಕಿತಿಯೋನೆ ಎಳೆದಿದ್ದ ಒಂದೇ ತಂತಿಗೆ ಇನ್ನೊಂದು ಆಂಪ್ಲಿಫೈಯರನ್ನು ಬೇರೆಯವರಿಂದ ಸೇರಿಸಿದ. ಎಂಬತ್ತು ಆಂಪಿನ ಫ್ಯೂಸ್ ವಾರದಲ್ಲಿ ಮೂರು ಸಲ ಹೋಯಿತು. ಅದು ತನ್ನ ಕೆಲಸ ಮಾಡುತ್ತಿತ್ತು. ನಾಲ್ಕನೆಯ ಸಲಕ್ಕೆ ಮೊಳೆ ಬಂತು.

"ಮೊಳೆ ನಾನೇ ಹಾಕಿದ್ದು ಮಾವ," ಎನ್ನುತ್ತಾನೆ ಅಶ್ನೀಲ್, ಟ್ಯಾಕ್ಸಿಯ ಚಕ್ರ ನೋಡುತ್ತಾ. ಈ ಮಾತನ್ನು ಅವನು ಮೊದಲೂ ಹೇಳಿದ್ದಾನೆ, ಇದೇ ಶೆಡ್ಡಿನಲ್ಲಿ, ಇದೇ ಹೊತ್ತಿನಲ್ಲಿ. "ಹಾಕು ಅಂದ, ಹಾಕ್ದೆ."

"ಗೊತ್ತು. ವರದಿ ಬರೆದೋರ ಕಚೇರೀಲಿ ಹೇಳ್ತೀಯಾ?"

"ಈ ಟ್ಯಾಕ್ಸಿ ಜಾಲೇದು. ನಾನಿರೋ ಮನೆ ಜಾಲೇದು."

"ಮತ್ತೆ ನನ್ನ ಹತ್ರ ಯಾಕೆ ಹೇಳ್ತೀಯಾ?"

"ಇನ್ಯಾರ ಹತ್ರ ಹೇಳ್ಲಿ?"

ಕಿತಿಯೋನೆ ಪೆಟ್ಟಿಗೆ ಚಾಲೂ ಮಾಡಿ, ಇಂಜಿನ್ ಹೊಡೆದು, ಹಾಡು ಹಾಕದೆ ಧ್ವನಿಯ ಗುಂಡಿಯನ್ನು ಅರ್ಧಕ್ಕಿಂತ ಮೇಲೆ ತಿರುಗಿಸಿ ಕಿವಿಗೊಡುತ್ತಾನೆ. ಇದು ಅವನ ಕೊನೆಯ ಪರೀಕ್ಷೆ. ನೆಲದ ತಂತಿ ಸಡಿಲವಿದ್ದರೆ, ಹಾಡಿನ ತಂತಿಯನ್ನು ಕರೆಂಟಿನ ತಂತಿಯ ಪಕ್ಕದಲ್ಲೇ ಎಳೆದಿದ್ದರೆ, ಇಂಜಿನ್ ಏರಿದ ಹಾಗೆ ಸೊಳ್ಳೆಯಂಥ ಕೀರಲು ದನಿಯೂ ಏರುತ್ತದೆ. ಈಗ ಏನೂ ಇಲ್ಲ. ಊರಿನಲ್ಲೇ ಅತಿ ಜೋರಾಗಿ ಕೂಗುವ ಪೆಟ್ಟಿಗೆಗಳನ್ನು ಕಟ್ಟುವವನು ಅವುಗಳ ಮೌನವನ್ನು ಪೂರ್ತಿ ಒಂದು ನಿಮಿಷ ಕೇಳುತ್ತಾನೆ.

"ಹಾಡಿಲ್ಲದಾಗ ಸುಮ್ಮನಿರಬೇಕು. ಅದು ಬಂದ್ರೆ ಎಲ್ಲ ಬಂತು," ಎನ್ನುತ್ತಾನೆ ಆಮೇಲೆ.

ಹೊರಡುವಾಗ ಅಶ್ನೀಲ್ ಬಗ್ಗಿ, ಬ್ಯಾಟರಿಯ ಪಕ್ಕ ಈಗಷ್ಟೇ ಕಟ್ಟಿದ ನಾರಿನ ಗಂಟನ್ನು ಚಾಕುವಿನಿಂದ ಕತ್ತರಿಸಿ, ಪ್ಲಾಸ್ಟಿಕ್ ಪಟ್ಟಿ ಬಿಗಿಯುತ್ತಾನೆ. "ಜಾಲೆ ನೋಡ್ತಾನೆ ಮಾವ. ಬೇಜಾರ್ ಮಾಡ್ಕೋಬೇಡ." ಎಲ್ಲರೂ ಹಾಗೇ ಮಾಡಿದ್ದಾರೆ. ಬೆಂಕಿಯಾದ ವಾರ ಹೊಳೆದಂಡೆಯ ಹುಲ್ಲಿನಲ್ಲಿ ಕತ್ತರಿಸಿ ಬಿಸಾಕಿದ ಗಂಟುಗಳು ಬಿದ್ದಿದ್ದವು. ಕಿತಿಯೋನೆ ಅವನ್ನು ಆರಿಸಿ ತಂದು ಬಿಸ್ಕತ್ತಿನ ಡಬ್ಬಿಯಲ್ಲಿ ಇಟ್ಟಿದ್ದಾನೆ. ಎಷ್ಟಿವೆ ಎಂದು ಎಣಿಸಿಲ್ಲ.

ಲಂಬಾಸಾ ಅವನ ಹೆಂಡತಿಯ ಊರು. ಅವಳಿದ್ದಾಗ ಅವಳ ಕಡೆಯವರೆಲ್ಲ ಇವನಿಗೂ ನೆಂಟರಾಗಿದ್ದರು. ಸಂಜೆ ಚಾಪೆಯ ಮೇಲೆ ಯಂಗೋನ ಎಂಬ ಮಂಪರು ತರುವ ಗಿಡದ ಬೇರು ಕುಟ್ಟಿ ನೀರಿಗೆ ಕಲೆಸಿ ತೆಂಗಿನ ಚಿಪ್ಪಿನಲ್ಲಿ ಹಂಚುವಾಗ ಇವನಿಗೊಂದು ಜಾಗವಿತ್ತು. "ಭಾವ, ಲಾವಿನವರು ನೀರು ಕಂಡ್ರೆ ದೋಣಿ ಇಳಿಸ್ತಾರೆ, ನಮ್ಮ ಬೋಗುಣಿ ಜೋಪಾನ," ಎಂದು ಛೇಡಿಸುತ್ತಿದ್ದರು. ಚಿಪ್ಪು ಬಂದಾಗ ಅಂಗೈ ಬೋಗುಣಿ ಮಾಡಿ ತಟ್ಟಿ, ಕುಡಿದು, ಮತ್ತೆ ತಟ್ಟುತ್ತಿದ್ದ. ಬೆಂಕಿಯ ನಂತರ ಯಾರೂ ಅವನನ್ನು ಬರಬೇಡ ಎನ್ನಲಿಲ್ಲ. ಅವನು ಹೋಗಿ ಕೂತ. ಚಿಪ್ಪು ಅವನ ಪಕ್ಕದವರೆಗೆ ಬಂತು, ಅವನನ್ನು ದಾಟಿ ಹೋಯಿತು. ಎರಡನೆಯ ಸುತ್ತಿನಲ್ಲೂ ದಾಟಿತು. ಎದ್ದು ಬಂದ.

"ಬೈದಿದ್ರೆ ಚೆನ್ನಾಗಿತ್ತು," ಎನ್ನುತ್ತಾನೆ. "ನಮ್ಮ ಕಡೆ ಭಾವನ್ನ ಬೈತಾರೆ. ಬೈಯೋದನ್ನೂ ಬಿಟ್ಬಿಟ್ರು."

ಈಗ ಅವನು ಸಂಜೆ ಒಬ್ಬನೇ ಗೆಣಸು ಬೇಯಿಸಿ, ಡಬ್ಬಿಯ ಮೀನು ಹಾಕಿಕೊಂಡು ತಿನ್ನುತ್ತಾನೆ. ವಾರಕ್ಕೊಮ್ಮೆ ಲವೇನಿಯ ಅಜ್ಜಿಯ ಮನೆಗೆ ಹೋಗಿ ಕೆಸುವಿನ ಸೊಪ್ಪಿನ ಕಟ್ಟು ಕಟ್ಟಿಕೊಡುತ್ತಾನೆ. ಅವಳ ಅಂಗೈಯ ಚರ್ಮ ಮುದುರಿ ಗಟ್ಟಿಯಾಗಿದೆ. ಬೆರಳು ಪೂರ್ತಿ ಬಿಚ್ಚುವುದಿಲ್ಲ, ಮುಷ್ಟಿಯೂ ಆಗುವುದಿಲ್ಲ. ಸೊಪ್ಪಿನ ಕಟ್ಟುಗಳಿಗೂ ಅವನು ಹಾಕುವುದು ಅದೇ ಗಂಟು. ಮಾರುಕಟ್ಟೆಯಲ್ಲಿ ಆ ಗಂಟನ್ನು ಕತ್ತರಿಸದೆ ಇಟ್ಟುಕೊಂಡವಳು ಅವಳೊಬ್ಬಳೇ.

ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ, ಎಲ್ಲರೂ ನೋಡುವ ಹೊತ್ತಿನಲ್ಲಿ, ಅಶ್ನೀಲನ ಟ್ಯಾಕ್ಸಿ ಶೆಡ್ಡಿನ ಮುಂದೆ ನಿಲ್ಲುತ್ತದೆ. ಜಾಲೆ ಇಳಿಯುತ್ತಾನೆ, ಹಿಂದೆ ಅವನ ದೊಡ್ಡಪ್ಪ. ದೊಡ್ಡಪ್ಪನ ಕೈಯಲ್ಲಿ ಪತ್ರಿಕೆಯಲ್ಲಿ ಸುತ್ತಿದ ಯಂಗೋನದ ಬೇರಿನ ಕಟ್ಟು, ತೋಳುದ್ದದ್ದು. ಜಾಲೆಯ ಜೇಬಿನಲ್ಲಿ ಮಡಚಿದ ಕಾಗದ.

ಬೇರು ಬಂದರೆ ಕೂರಲೇಬೇಕು. ಕಿತಿಯೋನೆ ಕೈ ಒರೆಸಿಕೊಂಡು ಚಕ್ಕಳಮಕ್ಕಳ ಹಾಕಿ ನೆಲದ ಮೇಲೆ ಕೂರುತ್ತಾನೆ. ಮಂಡಿಯ ಮೇಲೆ ಅಂಗೈ. ದೊಡ್ಡಪ್ಪ ಎದುರು ಕೂತು, ಸತ್ತ ಮಿಲಿಯಾಕೆರೆಯ ಹೆಸರು ಹೇಳಿ, ಅವಳ ಮನೆತನದ ಹೆಸರು ಹೇಳಿ, ಹಳೆಯ ಮಾತುಗಳಲ್ಲಿ ನಿಧಾನವಾಗಿ ಕೇಳಿಕೊಳ್ಳುತ್ತಾನೆ: ನಡೆದದ್ದು ನಡೆಯಿತು, ಮಣ್ಣು ಮುಚ್ಚೋಣ, ಚಾಪೆಗೆ ಮರಳಿ ಬಾ. ಕಟ್ಟನ್ನು ಅವನ ಮುಂದೆ ಇಡುತ್ತಾನೆ.

ಕಾಗದದಲ್ಲಿ ಏನಿದೆಯೆಂದು ಜಾಲೆ ತಾನೇ ಹೇಳುತ್ತಾನೆ. "ಫ್ಯೂಸ್ ಹಾಕೋದು ಮರೆತೆ ಅಂತ. ಅಷ್ಟೇ ಭಾವ. ವಿಮೆಯವರಿಗೆ ನಿನ್ನ ಸಹಿ ಬೇಕು. ನಿನ್ನ ಮೇಲೆ ಯಾರೂ ಕೇಸು ಹಾಕಲ್ಲ, ನಾನಿದೀನಿ. ಸೋಮವಾರದಿಂದ ಉಳಿದ ಹತ್ತೂ ಬಸ್ಸಿನ ಕೆಲಸ ನಿನಗೇ. ಗಂಟು ಎಷ್ಟು ಬೇಕಾದ್ರೂ ಕಟ್ಕೋ."

"ಲವೇನಿಯ ಅಜ್ಜಿ?"

"ಅವಳಿಗೆ ಪರಿಹಾರ ಕೊಡಬೇಕಾದವನು ತಪ್ಪು ಮಾಡಿದವನು. ಮರೆತವನು ಬಡವ, ಅವನಿಂದ ಏನೂ ಸಿಗಲ್ಲ ಅಂತ ಅವಳಿಗೂ ಅರ್ಥ ಆಗುತ್ತೆ."

ಬಸ್ ನಿಲ್ದಾಣದ ಕಡೆಯಿಂದ ಏಳೆಂಟು ಜನ ಬಂದು ಬೇಲಿಯ ಆಚೆ ನಿಂತಿದ್ದಾರೆ. ಅವರಲ್ಲಿ ಚಾಪೆಯ ಮೇಲೆ ಚಿಪ್ಪು ದಾಟಿಸಿದವರೂ ಇದ್ದಾರೆ. ಅಶ್ನೀಲ್ ಟ್ಯಾಕ್ಸಿಯಿಂದ ಇಳಿದಿಲ್ಲ. ಇಂಜಿನ್ ಓಡುತ್ತಿದೆ, ಹಾಡಿಲ್ಲ, ಕೀರಲೂ ಇಲ್ಲ. ಇನ್ನು ಕಿತಿಯೋನೆ ಬೇರನ್ನು ಮುಟ್ಟಿ, ಅಂಗೈ ಬೋಗುಣಿ ಮಾಡಿ ತಟ್ಟಬೇಕು. ತಟ್ಟಿದರೆ ಕೇಳಿದ್ದಕ್ಕೆಲ್ಲ ಒಪ್ಪಿದ ಹಾಗೆ. ಇಂದು ಸಂಜೆಯೇ ಚಿಪ್ಪು ಅವನ ಮುಂದೆ ನಿಲ್ಲುತ್ತದೆ. ಯಾರೋ ಅವನನ್ನು ಭಾವ ಎಂದು ಬೈಯುತ್ತಾರೆ.

ಅವನು ಬೇರನ್ನು ನೋಡುತ್ತಾನೆ.

"ಒಳ್ಳೇ ಬೇರು," ಎನ್ನುತ್ತಾನೆ. "ವಾಪಸ್ ತಗೊಂಡ್ಹೋಗಿ."

ಬೇಲಿಯ ಆಚೆ ಯಾರೋ ಉಸಿರೆಳೆದುಕೊಳ್ಳುತ್ತಾರೆ. ದೊಡ್ಡಪ್ಪನ ತಲೆ ತಗ್ಗಿಯೇ ಇದೆ. "ಮುಂದಿಟ್ಟ ಬೇರಿಗೆ ಬೇಡ ಅಂದವರನ್ನ ನಾನು ಎಪ್ಪತ್ತು ವರ್ಷದಲ್ಲಿ ನೋಡಿಲ್ಲ, ಮಗ."

"ನಾನೂ ನೋಡಿಲ್ಲ ದೊಡ್ಡಪ್ಪ."

"ತಟ್ಟು. ಒಂಟಿಯಾಗಿ ಸಾಯಬೇಡ."

"ಇದನ್ನ ಲವೇನಿಯ ಅಜ್ಜಿ ಹತ್ರ ಒಯ್ಯಿರಿ. ಅವಳ ಮುಂದೆ ಇಡಿ. ಅವಳು ಎರಡು ಅಂಗೈ ಸೇರಿಸಿ ತಟ್ಟಲಿ. ಆ ಸದ್ದು ಕೇಳಿದ ಮೇಲೆ ನಾನೂ ತಟ್ತೀನಿ, ಆ ಕಾಗದಕ್ಕೆ ಸಹೀನೂ ಹಾಕ್ತೀನಿ."

"ಅವಳ ಕೈ..." ಎಂದ ಜಾಲೆ ಅಲ್ಲೇ ನಿಲ್ಲಿಸುತ್ತಾನೆ.

ಟ್ಯಾಕ್ಸಿಯ ಇಂಜಿನ್ ಆರುತ್ತದೆ.

"ತಟ್ಟು ಕಿತಿಯೋನೆ," ಎಂದು ದೊಡ್ಡಪ್ಪ ಮತ್ತೊಮ್ಮೆ ಹೇಳುತ್ತಾನೆ, ಈ ಸಲ ಆಜ್ಞೆಯ ದನಿಯಲ್ಲಿ.

ಕಿತಿಯೋನೆಯ ಅಂಗೈಗಳು ಮಂಡಿಯ ಮೇಲೆಯೇ ಇವೆ.