ಕೇಕಿನ ಮೇಲೆ ಬೇರೆ ಹೆಸರು

ಓಣಿಯವರೆಲ್ಲ ಅವಳನ್ನು ಕರೆಯುವುದು ಕೇಕಕ್ಕ ಎಂದೇ. ಬೇಕರಿಯಲ್ಲಿ ಒಲೆಯ ಕೆಲಸ ಗಂಡನದು, ಕೇಕಿನ ಮೇಲಿನ ಹೂವು, ಹೆಸರು ಅವಳದು. ಯಾರ ಮಗುವಿಗೆ ಎಷ್ಟು ವರ್ಷವಾಯಿತೆಂದು ಹೆತ್ತವರು ಮರೆತರೂ ಇವಳು ಮರೆಯುವವಳಲ್ಲ. ಆದರೆ "ನಿಮಗೆಷ್ಟು ಮಕ್ಕಳು?" ಎಂದು ಮೂಗು ತೂರಿಸುವವರಿಗೇನು ಬರವೇ! ಅಂಥವರು ಬಂದರೆ, "ಒಳಗೇನೋ ಸೀದ ವಾಸನೆ ಬರ್ತಿದೆ" ಎಂದು ಎದ್ದುಹೋಗುತ್ತಿದ್ದಳು. ಆ ಲೆಕ್ಕದಲ್ಲಿ ಆ ಬೇಕರಿಯಲ್ಲಿ ಸೀದಷ್ಟು ಬ್ರೆಡ್ಡು ಲೋಕದಲ್ಲೆಲ್ಲೂ ಸೀದಿರಲಿಕ್ಕಿಲ್ಲ.

ಅವಳಿಗೊಂದು ಅಭ್ಯಾಸ. ಕೇಕಿನ ಮೇಲೆ ಬರೆಯುವ ಕಾಗದದ ಕೋನಿಗೆ ಹೊಸದಾಗಿ ಕ್ರೀಮು ತುಂಬಿದಾಗಲೆಲ್ಲ ಸರಿಯಾಗಿ ಇಳಿಯುತ್ತದೆಯೇ ನೋಡಲು ತಟ್ಟೆಯ ಮೇಲೆ ಒಂದು ಹೆಸರು ಬರೆದು, ತಕ್ಷಣ ಬೆರಳಿನಿಂದ ಒರೆಸಿಬಿಡುತ್ತಿದ್ದಳು. ಮದುವೆಯ ಹೊಸತರಲ್ಲಿ ಇಬ್ಬರೂ ಜಗಳವಾಡಿ, ರಾಜಿಯಾಗಿ, ಹುಟ್ಟಲಿರುವ ಮಗಳಿಗೆಂದು ಆರಿಸಿಟ್ಟ ಹೆಸರು ಅದು. ಗಂಡ ಅದನ್ನು ಕಂಡೂ ಕಾಣದಂತಿರುತ್ತಿದ್ದ.

ಔಷಧಿ, ಸೂಜಿ, ಆಸ್ಪತ್ರೆಯ ಬೆಂಚು ಎಲ್ಲ ಆದಮೇಲೆ, ಕಳೆದ ವಾರ ಡಾಕ್ಟರಮ್ಮ ಅವಳ ಕೈ ಹಿಡಿದು, "ಇನ್ನು ಸಾಕಮ್ಮ. ಆಗಲ್ಲ ಅಂತ ನಾನೇ ಹೇಳ್ಬೇಕಾಗಿದೆ" ಎಂದಿದ್ದರು. ಅಂದಿನಿಂದ ಗಂಡ ಹೆಂಡತಿ ಅದೊಂದು ಬಿಟ್ಟು ಮಿಕ್ಕಿದ್ದೆಲ್ಲ ಮಾತಾಡಿದರು. ಆ ಮನುಷ್ಯನಂತೂ ಮೈದಾ ಜರಡಿಯ ಬಗ್ಗೆಯೇ ಅರ್ಧ ದಿನ ಕೊರೆದ. ಅವನು ಬಾಯಿಬಿಟ್ಟರೆ ತಾನೆಲ್ಲಿ ಅತ್ತುಬಿಡುತ್ತೇನೋ ಎಂಬ ಹೆದರಿಕೆ ಅವಳಿಗೆ. ಅವಳು ಅತ್ತರೆ ಏನು ಮಾಡುವುದೆಂಬ ಹೆದರಿಕೆ ಅವನಿಗೆ. ಒಂದೇ ಮನೆಯಲ್ಲಿ ಹೊರಗಿನವರ ಹಾಗೆ ಹೀಗೇ ಉಳಿದುಬಿಡುತ್ತೇವೇನೋ ಎಂದು ಅವಳ ಜೀವ ಒದ್ದಾಡುತ್ತಿತ್ತು.

ಆ ಮಧ್ಯಾಹ್ನ ಪಕ್ಕದ ಬೀದಿಯ ಟೀಚರಮ್ಮ ಮಗನ ಹುಟ್ಟುಹಬ್ಬದ ಕೇಕು ಒಯ್ಯಲು ಬಂದರು. ಡಬ್ಬಿ ತೆರೆದು ತೋರಿಸಿದ ಗಂಡ ಹಾಗೇ ನಿಂತುಬಿಟ್ಟ.

"ಇದ್ಯಾರ ಹೆಸರು? ನಮ್ಮನೇಲಿರೋದು ಗಂಡುಹುಡುಗ ಕಣ್ರೀ!" ಎಂದು ಟೀಚರ್ ನಕ್ಕರು.

ಕೇಕಕ್ಕ ಇಣುಕಿ ನೋಡಿದಳು. ತಟ್ಟೆಯ ಮೇಲೆ ಬರೆದು ಒರೆಸಬೇಕಾದ್ದನ್ನು ಕೈ ಸೀದಾ ಕೇಕಿನ ಮೇಲೆಯೇ ಬರೆದುಬಿಟ್ಟಿತ್ತು. ಸುತ್ತ ಹೂಬಳ್ಳಿ ಬೇರೆ. ಡಬ್ಬಿಗಿಟ್ಟು ಮುಚ್ಚುವಾಗಲೂ ಅವಳಿಗೆ ಗೊತ್ತಾಗಿರಲಿಲ್ಲ.

"ಕೆರೆದು ಬೇರೆ ಬರೆದುಕೊಡ್ತೀವಿ, ಎರಡೇ ನಿಮಿಷ," ಎಂದು ಗಂಡ ಚಾಕು ಎತ್ತಿಕೊಂಡ.

"ರೀ, ಅದನ್ನ ಕೆರೀಬೇಡಿ."

ಆ ದನಿಗೆ ಟೀಚರ್ ನಗು ನಿಂತಿತು. "ಮಗಳ ಹೆಸರಾ ಅಕ್ಕ?" ಎಂದು ಮೆಲ್ಲಗೆ ಕೇಳಿದರು.

ಎದ್ದುಹೋಗಲು ಅವಳಿಗೆ ಕಾಲೇ ಬರಲಿಲ್ಲ. "ನಮಗೆ ಮಕ್ಕಳಾಗಲ್ಲಮ್ಮ," ಎಂದಳು. "ಹೆಸರೊಂದು ಇಟ್ಕೊಂಡಿದ್ವಿ."

ಹೇಳಿಯೇಬಿಟ್ಟಳು ನೋಡಿ, ಆಕಾಶವೇನೂ ಕಳಚಿ ಬೀಳಲಿಲ್ಲ. ಟೀಚರ್ ಅವಳ ಭುಜ ಒತ್ತಿ, "ನಮ್ಮ ಹುಡುಗಂದು ಸಂಜೆಗೆ ಮಾಡಿಕೊಟ್ರೆ ಸಾಕು" ಎಂದು ಹೊರಟುಹೋದರು.

ಗಂಡ ಬಾಗಿಲು ಮುಂದೆ ಮಾಡಿ ಬಂದ. ಕಣ್ಣು, ಮೂಗು ಎರಡೂ ಸುರಿಯುತ್ತಿದ್ದವು. ಅಷ್ಟೆತ್ತರದ ಗಂಡಸು ಚಾಕು ಕೈಯಲ್ಲೇ ಹಿಡಿದು ಅಳುವುದನ್ನು ಕಂಡು ಅವಳಿಗೆ ಅಳುವಿನ ಜೊತೆಗೇ ಮುದ್ದೂ ಉಕ್ಕಿಬಂತು. ಏಪ್ರನ್ನಿನ ತುದಿಯಿಂದ ಅವನ ಮುಖ ಒರೆಸಿದಳು. ಚಾಕು ತಾನೇ ಇಸಿದುಕೊಂಡು ಕೇಕು ಕತ್ತರಿಸಿ, ಒಂದು ತುಂಡು ಅವನ ಬಾಯಿಗಿಟ್ಟಳು.

"ಕ್ರೀಮಿಗೆ ಸಕ್ಕರೆ ಒಂಚೂರು ಜಾಸ್ತಿಯಾಯ್ತು ಕಣೇ," ಎಂದ ಅವನು, ಬಾಯಿ ತುಂಬ ಇಟ್ಟುಕೊಂಡೇ.

"ಇರಲಿ ಬಿಡಿ," ಎಂದಳು. "ಮಗಳಿಗೆ ಅಂತ ಮಾಡಿದ್ದು ಇದೊಂದೇ ತಾನೇ."