ಬಳೆಗಾರ್ತಿ ಪೀರಾಂಬಿಯ ಓಟು

ತಿಕೋಟಾದ ಬಳೆಗಾರ್ತಿ ಪೀರಾಂಬಿಗೆ ಎರಡು ಗುಣಗಳಿದ್ದವು. ಕಂಡದ್ದನ್ನೆಲ್ಲ ಕೆದಕಿ ಕೇಳುವುದು ಒಂದು, ಯಾರಾದರೂ ಕೇಳಿದರೆ ಸುಳ್ಳು ಹೇಳಲು ಬಾರದಿರುವುದು ಇನ್ನೊಂದು. ಇಂಥವಳು ವ್ಯಾಪಾರಕ್ಕೆ ಹೇಗೆ ಇಳಿದಳೋ, ದೇವರೇ ಬಲ್ಲ. ಜೋರಾಪುರ ಪೇಟೆಯಿಂದ ಬಳೆ ತಂದು, ಊರಿನ ದೊಡ್ಡ ಕುಳ ಗುರಣ್ಣನ ವಾಡೆಯ ಕಟ್ಟೆಯ ಮೇಲೆ ನೆರಳಿಗೆ ಕೂತು ಮಾರುತ್ತಿದ್ದಳು. ಹೆಂಗಸರ ಕೈಗೆ ಬಳೆ ಏರಿಸುತ್ತಲೇ, "ಬಿಳಿ ಮಂದಿ ಹ್ವಾದ್ರು, ಖರೆ. ಈಗ ರಾಜ್ಯ ಯಾರದು?" ಎಂದು ಕೇಳುವಳು. ಒಮ್ಮೆ ಯಾರೋ, "ನಿಂದ ನೋಡ" ಎಂದು ನಕ್ಕರು. ಅವರು ಚೇಷ್ಟೆಗೆ ಅಂದದ್ದು. ಪೀರಾಂಬಿ ನಂಬಿಬಿಟ್ಟಳು.

ಐವತ್ತೇಳರ ಚುನಾವಣೆಯಲ್ಲಿ ಪರದೆಯ ಹಿಂದೆ ಒಬ್ಬೊಬ್ಬ ಉಮೇದುವಾರನಿಗೂ ಒಂದೊಂದು ಡಬ್ಬಿ ಇಟ್ಟಿದ್ದರು. ತನಗೆ ಸರಿ ಕಂಡವನ ಡಬ್ಬಿಗೆ ಚೀಟಿ ಹಾಕಿ ಹೊರಬಂದಳು. ಬಾಗಿಲಲ್ಲೇ ಗುರಣ್ಣ.

"ಯಾವ ಡಬ್ಬಿಗೆ ಹಾಕಿದಿ ಬೇ?"

ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅದು ಅವನ ಕಡೆಯವರ ಡಬ್ಬಿಯಾಗಿರಲಿಲ್ಲ. ಮರುದಿನವೇ ಬಳೆಬುಟ್ಟಿ ಕಟ್ಟೆಯಿಂದ ಬೀದಿಗೆ ಬಿತ್ತು. ಒಡೆದ ಚೂರು ಆರಿಸುತ್ತ ಪೀರಾಂಬಿ ಅತ್ತಳು. ಎರಡು ಬೇಸಿಗೆ ಬಿಸಿಲಲ್ಲಿ ಬೆಂದ ಮೇಲೆ, ಗುರಣ್ಣನ ತಾಯಿಯೇ ಮರುಗಿ ಮತ್ತೆ ಕಟ್ಟೆ ಹತ್ತಿಸಿದಳು.

ಅರವತ್ತೆರಡರಲ್ಲಿ ಮತ್ತೆ ಚುನಾವಣೆ. ಓಟು ಹಾಕಿದರೆ ಕಟ್ಟೆ ಹೋಗುತ್ತದೆ, ಹಾಕದಿದ್ದರೆ ರಾಜ್ಯ ಹೋಗುತ್ತದೆ. ಆದರೂ ಹೋದಳು. ನೋಡಿದರೆ ಮೇಜಿನ ಮೇಲೆ, ಎಲ್ಲರೆದುರು, ಒಂದೇ ಒಂದು ಡಬ್ಬಿ.

"ಉಳಿದವ್ರ ಡಬ್ಬಿ ಎಲ್ಲಿ ಅದಾವ್ರಿ ಸಾಹೇಬ್ರ?"

"ಈ ಸಲ ಒಂದ ಡಬ್ಬಿ ಅವ್ವಾ," ಎಂದ ಅಧಿಕಾರಿ.

ಪೀರಾಂಬಿಗೆ ಸಿಟ್ಟೇ ಬಂತು. "ಒಬ್ಬಂದ ಡಬ್ಬಿ ಇಟ್ಟು ಆರಿಸು ಅಂದ್ರ ಹೆಂಗ್ರಿ? ಹೊಳ್ಳಿ ದೊರಿಗಳ ಕಾಲ ಬಂತೇನು?"

ಅಧಿಕಾರಿ ಪುಣ್ಯಕ್ಕೆ ತಾಳ್ಮೆಯವನು. ಚೀಟಿ ಬಿಡಿಸಿ ತೋರಿಸಿದ. "ಎಲ್ಲಾರ ಗುರುತೂ ಇದರಾಗ ಅದಾವ. ಪರದೆ ಹಿಂದ ಹೋಗಿ, ಬೇಕಾದವನ ಗುರುತಿಗೆ ಶಿಕ್ಕಾ ಒತ್ತಿ, ಮಡಚಿ ಈ ಡಬ್ಬ್ಯಾಗ ಹಾಕು. ಊರ ಮಂದಿ ಚೀಟಿ ಎಲ್ಲಾ ಇದರಾಗ ಕೂಡತಾವ. ನಿಂದು ಯಾವುದು ಅಂತ ನನಗೂ ತಿಳಿಯೂದಿಲ್ಲ."

"ಗುರಣ್ಣಗ?"

"ಅವರಿಗೂ ಇಲ್ಲ."

"ತಿಳೀಲಿಲ್ಲಾಂದ್ರ ಕೇಳತಾರಲ್ರಿ."

ಅಧಿಕಾರಿ ಚೀಟಿ, ಶಿಕ್ಕಾ ಅವಳ ಕೈಗಿಟ್ಟು ಮುಂದಿನವರನ್ನು ಕರೆದ. ಪೀರಾಂಬಿ ಶಿಕ್ಕಾ ಒತ್ತಿ, ಚೀಟಿ ಹಾಕಿ ಹೊರಬಿದ್ದಳು.

ಇನ್ನೂ ಓಟು ಹಾಕದ ಗುರಣ್ಣ ಬಾಗಿಲಲ್ಲಿ ನಿಂತೇ ಇದ್ದ.

"ಯಾವ ಡಬ್ಬಿಗೆ ಹಾಕಿದಿ ಬೇ?"

ಪೀರಾಂಬಿ ಅವನ ಮುಖ ನೋಡಿಯೇ ಹೇಳಿದಳು.

"ಒಂದ ಇತ್ರಿ ಯಪ್ಪಾ. ಅದಕ್ಕ ಹಾಕೀನಿ."